ಪ್ರಾರ್ಥನೆಯ ಪುಸ್ತಕದಲ್ಲಿ ಅಡಗಿದ ಸಂತರು

ಹಾಲೆಂಡ್ ಎಂದರೆ ಪರಮತ ಸಹಿಷ್ಣುತೆಗೆ ಹೆಸರಾದ ನಾಡು ಎಂದು ನಾವೆಲ್ಲ ಓದಿದ್ದೇವೆ. ಆ ಮಾತು ಸುಳ್ಳಲ್ಲ. ಆದರೆ ಆ ಸಹಿಷ್ಣುತೆಗೊಂದು ಬೆಲೆ ಇತ್ತು. ಹದಿನೇಳನೆಯ ಶತಮಾನದ ಕ್ಯಾಥೊಲಿಕರು ಅದನ್ನು ರೊಕ್ಕ ಎಣಿಸಿಯೇ ಕೊಟ್ಟರು.

1566ರಲ್ಲಿ ಕ್ಯಾಲ್ವಿನ್‌ನ ಅನುಯಾಯಿಗಳು ನೆದರ್ಲೆಂಡ್ಸ್‌ನ ಚರ್ಚುಗಳಿಗೆ ನುಗ್ಗಿ ಸಂತರ ಪ್ರತಿಮೆಗಳನ್ನು ಒಡೆದುಹಾಕಿದರು. ವಿಗ್ರಹ ಮಾಡಬಾರದೆಂಬ ಬೈಬಲ್ಲಿನ ಆಜ್ಞೆಯೇ ಅವರಿಗೆ ಆಧಾರ. 1578ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದ ಆಡಳಿತ ಪ್ರೊಟೆಸ್ಟೆಂಟರ ಕೈಸೇರಿತು. 1581ರಲ್ಲಿ ಹಾಲೆಂಡ್ ಪ್ರಾಂತದಲ್ಲಿ ಕ್ಯಾಥೊಲಿಕರ ಬಹಿರಂಗ ಆರಾಧನೆಗೆ ನಿಷೇಧ ಬಿತ್ತು. ಮನಸ್ಸಿನಲ್ಲಿ ಏನನ್ನಾದರೂ ನಂಬಿಕೊಳ್ಳಿ, ಬೀದಿಗೆ ಮಾತ್ರ ಕಾಣಿಸಬೇಡಿ ಎಂಬುದು ಇದರ ಅರ್ಥ.

ಪ್ರತಿಮೆಗಳು ಹೋದ ಮೇಲೆ ಕಾಗದ ಉಳಿಯಿತು. 1585ರಲ್ಲಿ ಸ್ಪೇನಿನ ಸೇನೆ ಗೆದ್ದುಕೊಂಡ ಆಂಟ್‌ವರ್ಪ್ ಮತ್ತೆ ಕ್ಯಾಥೊಲಿಕ್ ನಗರವಾಯಿತು. ಅಲ್ಲಿನ ಕುಶಲಿಗಳು ತಾಮ್ರದ ತಗಡಿನಲ್ಲಿ ಸಂತರನ್ನು ಕೊರೆದು, ಮಸಿ ತುಂಬಿ, ಅಂಗೈಯಗಲದ ಚಿತ್ರಗಳನ್ನು ರಾಶಿ ರಾಶಿ ಅಚ್ಚು ಹಾಕುತ್ತಿದ್ದರು. ಅವರಲ್ಲಿ ವೀರಿಕ್ಸ್ ಸಹೋದರರು ಪ್ರಸಿದ್ಧರು. ಇವರು ಬೇಕಾದರೆ ಹೆಂಡದಂಗಡಿಗಳಲ್ಲಿ ಹುಡುಕಿ, ಸಾಲ ತೀರಿಸಿ ಕರೆತರಬೇಕು ಎಂದು ಮುದ್ರಕ ಪ್ಲಾಂಟಿನ್ ದೂರಿದ್ದನಂತೆ! ಸಂತರನ್ನು ಕೊರೆಯುವ ಕೈ ಸಂತರದ್ದೇ ಆಗಿರಬೇಕಿಲ್ಲವಲ್ಲ.

ಈ ಚಿತ್ರಗಳು ಗಡಿ ದಾಟಿ ಉತ್ತರಕ್ಕೆ ಬಂದವು. ಗೋಡೆಯ ಮೇಲಿನ ದೊಡ್ಡ ಚಿತ್ರ ಬಂದುಹೋಗುವವರ ಕಣ್ಣಿಗೆ ಬೀಳುತ್ತದೆ. ಪುಸ್ತಕದ ಹಾಳೆಗಳ ನಡುವಿನದು ಬೀಳುವುದಿಲ್ಲ. ಅವನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ 'ಕ್ಲೊಪ್ಪೆನ್' ಎಂದು ಕರೆಯಲ್ಪಡುತ್ತಿದ್ದ ಹೆಂಗಸರು ಮುಖ್ಯರು. ಮದುವೆಯಾಗದೆ, ಕಾನ್ವೆಂಟನ್ನೂ ಸೇರದೆ, ಧರ್ಮಸೇವೆಗೆ ನಿಂತವರು. ಮಕ್ಕಳಿಗೆ ಧರ್ಮಪಾಠ ಹೇಳಿ, ಚೆನ್ನಾಗಿ ಕಲಿತವರಿಗೆ ಸಂತರ ಚಿತ್ರವೊಂದನ್ನು ಬಹುಮಾನವಾಗಿ ಕೊಡುತ್ತಿದ್ದರು. ಪಾದ್ರಿಗಳ ಚರಿತ್ರೆ ಬರೆದವರು ಇವರಿಗೆ ಕೊಟ್ಟ ಜಾಗ ಕಡಿಮೆಯೇ.

ಆರಾಧನೆ ನಡೆಯುತ್ತಿದ್ದುದು ಮನೆಗಳೊಳಗೆ. ಆಮ್‌ಸ್ಟರ್‌ಡ್ಯಾಮಿನ ವ್ಯಾಪಾರಿ ಯಾನ್ ಹಾರ್ಟ್‌ಮನ್ 1663ರ ಹೊತ್ತಿಗೆ ತನ್ನ ಮನೆಯ ಅಟ್ಟದಲ್ಲೇ ಇಡೀ ಚರ್ಚೊಂದನ್ನು ಕಟ್ಟಿಸಿದ್ದ. ಇಂಥ ಚರ್ಚುಗಳು ಎಲ್ಲಿವೆ ಎಂಬುದು ಅಧಿಕಾರಿಗಳಿಗೆ ಗೊತ್ತಿತ್ತು. ಪ್ರೊಟೆಸ್ಟೆಂಟ್ ಧರ್ಮಗುರುಗಳು ದೂರಿನ ಮೇಲೆ ದೂರು ಕೊಡುತ್ತಿದ್ದರು. ಅಧಿಕಾರಿಗಳು ಕ್ಯಾಥೊಲಿಕರಿಂದ ಹಣ ಪಡೆದು ಕಣ್ಣು ಮುಚ್ಚುತ್ತಿದ್ದರು. ಇದನ್ನು ಸಹಿಷ್ಣುತೆ ಎನ್ನುವುದಾದರೆ ಮಾಮೂಲು ಎಂಬ ಪದಕ್ಕೆ ಬೇರೆ ಅರ್ಥ ಹುಡುಕಬೇಕಾದೀತು.

ಯಾರಾದರೂ ತೀರಿಕೊಂಡರೆ ಇಂಥದೇ ಚಿತ್ರದ ಹಿಂಬದಿಯಲ್ಲಿ ಅವರ ಹೆಸರು, ಸತ್ತ ದಿನ ಬರೆದು, ಆತ್ಮಕ್ಕಾಗಿ ಪ್ರಾರ್ಥಿಸಿ ಎಂದು ಕೋರಿ ಹಂಚುವ ರೂಢಿ ಆ ಕಾಲದಲ್ಲೇ ಹುಟ್ಟಿತು. 1796ರಲ್ಲಿ ಧರ್ಮ ಮತ್ತು ಪ್ರಭುತ್ವ ಬೇರೆಯಾದವು. ಹಾರ್ಟ್‌ಮನ್‌ನ ಅಟ್ಟ 1888ರಲ್ಲಿ ಮ್ಯೂಸಿಯಂ ಆಯಿತು. ಚಿತ್ರ ಹಂಚುವುದು ಮಾತ್ರ ನಿಲ್ಲಲಿಲ್ಲ. ಕೈಬರಹದ ಹೆಸರು ಅಚ್ಚಿನದಾಯಿತು, ಮುಂದೆ ಸತ್ತವರ ಫೋಟೊ ಕೂಡ ಬಂತು.