ಹಿತ್ತಾಳೆ ತಂತಿಯ ಐರಿಷ್ ಹಾರ್ಪ್

ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗೇಲಿಕ್ ದೊರೆಗಳ ಆಸ್ಥಾನಗಳಲ್ಲಿ ನುಡಿಯುತ್ತಿದ್ದ ಹಾರ್ಪ್ ಇಂದಿನ ವಾದ್ಯಗೋಷ್ಠಿಗಳ ಹಾರ್ಪ್‌ಗಿಂತ ತೀರ ಬೇರೆ. ಇಂದಿನದಕ್ಕೆ ಕರುಳಿನ ಇಲ್ಲವೇ ನೈಲಾನ್ ತಂತಿ. ಅದನ್ನು ಬೆರಳ ತುದಿಯ ಮೆತ್ತನೆಯ ಭಾಗದಿಂದ ಮೀಟುತ್ತಾರೆ. ಹಳೆಯದಕ್ಕೆ ಹಿತ್ತಾಳೆಯ ತಂತಿ, ಅದಕ್ಕೆಂದೇ ಬೆಳೆಸಿದ ಉಗುರು, ಒಂದೇ ದಿಮ್ಮಿಯನ್ನು ಕೊರೆದು ಮಾಡಿದ ನಾದಪೆಟ್ಟಿಗೆ. ಮೀಟಿದ ಸ್ವರ ಗಂಟೆಯಂತೆ ಬಹಳ ಹೊತ್ತು ಅನುರಣಿಸುತ್ತದೆ. ಹಾಗಾಗಿ ಯಾವ ತಂತಿಯನ್ನು ಮೀಟಬೇಕೆಂಬುದರಷ್ಟೇ, ಯಾವುದನ್ನು ಯಾವಾಗ ಬೆರಳಿಟ್ಟು ಸುಮ್ಮನಾಗಿಸಬೇಕೆಂಬುದೂ ವಾದಕರ ವಿದ್ಯೆ. ಈ ವಾದ್ಯದ ಅರ್ಧ ಸಂಗೀತ ಆ ಸುಮ್ಮನಾಗಿಸುವಿಕೆಯಲ್ಲೇ ಇದೆ.

ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿರುವ ಹಾರ್ಪ್ ಉಳಿದವುಗಳಲ್ಲೆಲ್ಲ ಪ್ರಸಿದ್ಧ. 1014ರಲ್ಲಿ ಮಡಿದ ದೊರೆ ಬ್ರಯನ್ ಬೊರುವಿನ ಹೆಸರು ಅದಕ್ಕೆ ಅಂಟಿಕೊಂಡಿದೆಯಾದರೂ ವಾದ್ಯ ಅವನಿಗಿಂತ ಶತಮಾನಗಳಷ್ಟು ಈಚಿನದು. ಐರ್ಲೆಂಡಿನ ರಾಷ್ಟ್ರಲಾಂಛನಕ್ಕೆ ಅದೇ ಮಾದರಿ. ಅದರ ಓರಗೆಯ ಎರಡು ಹಾರ್ಪ್‌ಗಳು ಎಡಿನ್‌ಬರೋದ ವಸ್ತುಸಂಗ್ರಹಾಲಯದಲ್ಲಿವೆ.

ಪುನರುಜ್ಜೀವನ ಕಾಲದಲ್ಲಿ ಈ ವಾದ್ಯದ ಕೀರ್ತಿ ಕಡಲು ದಾಟಿತ್ತು. ಗೆಲಿಲಿಯೋನ ತಂದೆ ವಿನ್ಸೆಂಜೊ ಗೆಲಿಲಿ 1581ರ ತನ್ನ ಸಂಗೀತಗ್ರಂಥದಲ್ಲಿ ಇದನ್ನು ಪ್ರಸ್ತಾಪಿಸಿದ್ದಾನೆ. ಜರ್ಮನಿಯ ಪ್ರೆಟೋರಿಯಸ್ ಇದರ ಚಿತ್ರವನ್ನೇ ಅಚ್ಚು ಹಾಕಿಸಿದ. ಇಂಗ್ಲೆಂಡಿನಲ್ಲಿ ಒಂದನೇ ಜೇಮ್ಸ್‌ನ ಆಸ್ಥಾನದಲ್ಲಿ ಕಾರ್ಮಾಕ್ ಮ್ಯಾಕ್‌ಡರ್ಮಟ್ ಎಂಬ ಐರಿಷ್ ವಾದಕನಿದ್ದ. ಆದರೆ ತವರಿನಲ್ಲಿ ಆಗಲೇ ನೆಲ ಕುಸಿಯುತ್ತಿತ್ತು. 1601ರಲ್ಲಿ ಕಿನ್‌ಸೇಲ್ ಕದನದಲ್ಲಿ ಇಂಗ್ಲಿಷರೆದುರು ಸೋಲು, 1607ರಲ್ಲಿ ಉತ್ತರದ ಗೇಲಿಕ್ ನಾಯಕರ ದೇಶತ್ಯಾಗ, ಇವುಗಳೊಂದಿಗೆ ವಾದಕರನ್ನು ಸಾಕುತ್ತಿದ್ದ ಮನೆತನಗಳು ಒಂದೊಂದಾಗಿ ಅಳಿದವು. ವಾದಕರು ಜಮೀನ್ದಾರರ ಮನೆಯಿಂದ ಮನೆಗೆ ಕುದುರೆಯ ಮೇಲೆ ಅಲೆಯತೊಡಗಿದರು. ಸಿಡುಬಿನಿಂದ ಕಣ್ಣು ಕಳೆದುಕೊಂಡು, ಇನ್ನೂರರಷ್ಟು ಧಾಟಿಗಳನ್ನು ರಚಿಸಿದ ಟರ್ಲೋ ಒ’ಕ್ಯಾರೊಲನ್ (1670–1738) ಬಾಳಿದ್ದು ಹೀಗೆಯೇ.

1792ರ ಜುಲೈನಲ್ಲಿ ಬೆಲ್‌ಫಾಸ್ಟ್‌ನ ಕೆಲವು ಗಣ್ಯರು ಉಳಿದ ವಾದಕರನ್ನೆಲ್ಲ ಒಂದೆಡೆ ಕರೆಸಿದರು. ಐರ್ಲೆಂಡಿನಿಂದ ಬಂದವರು ಕೇವಲ 10 ಮಂದಿ. ಅವರಲ್ಲಿ 6 ಮಂದಿಗೆ ಕಣ್ಣಿರಲಿಲ್ಲ. ರೋಸ್ ಮೂನಿ ಒಬ್ಬಳೇ ಹೆಂಗಸು. ಇವರ ವಾದನವನ್ನು ಬರೆದುಕೊಳ್ಳಲು ನೇಮಕಗೊಂಡವನು 19 ವರ್ಷದ ಆರ್ಗನ್ ವಾದಕ ಎಡ್ವರ್ಡ್ ಬಂಟಿಂಗ್. ತೊಂಬತ್ತು ದಾಟಿದ ಡೆನಿಸ್ ಹೆಂಪ್ಸನ್ ಒಬ್ಬನೇ ಉದ್ದ ಉಗುರಿನಿಂದ ಹಳೆಯ ಕ್ರಮದಲ್ಲಿ ನುಡಿಸಿದ್ದು. 1702ರಲ್ಲಿ ತಯಾರಾದ ಅವನ ಹಾರ್ಪ್ ಇಂದಿಗೂ ಉಳಿದಿದೆ.

ಬಂಟಿಂಗ್ ಆ ಬಳಿಕವೂ ಹಳ್ಳಿಗಳನ್ನು ಸುತ್ತಿ ಧಾಟಿಗಳನ್ನು ಸಂಗ್ರಹಿಸಿದ. 1796, 1809, 1840ರಲ್ಲಿ ಮೂರು ಸಂಪುಟ ತಂದ. ಆದರೆ ಅಚ್ಚಿಗೆ ಕೊಡುವಾಗ ಎಲ್ಲವನ್ನೂ ಪಿಯಾನೊಗೆ ಹೊಂದಿಸಿಬಿಟ್ಟ. ಧಾಟಿ ಉಳಿಯಿತು, ಅದನ್ನು ನುಡಿಸಿದ ಕೈ ಮರೆಯಾಯಿತು. ಕಳೆದುಹೋದದ್ದರಲ್ಲಿ ದೊಡ್ಡದು ಇದೇ. 1807ರಲ್ಲಿ ಹೆಂಪ್ಸನ್ ತೀರಿಕೊಂಡ. ಕುರುಡು ಮಕ್ಕಳಿಗೆ ಹಾರ್ಪ್ ಕಲಿಸಲು ಬೆಲ್‌ಫಾಸ್ಟ್‌ನಲ್ಲಿ ತೆರೆದ ಶಾಲೆ ಹೆಚ್ಚು ಕಾಲ ನಡೆಯಲಿಲ್ಲ. ಡಬ್ಲಿನ್‌ನ ಜಾನ್ ಈಗನ್ ತಯಾರಿಸಿದ ಕರುಳು ತಂತಿಯ ಪುಟ್ಟ ಹಾರ್ಪ್ ಶ್ರೀಮಂತರ ಮನೆ ಸೇರಿತು. ‘ಐರಿಷ್ ಹಾರ್ಪ್’ ಎಂದರೆ ಜನರಿಗೆ ಅದೇ ಎಂದಾಯಿತು.

20ನೇ ಶತಮಾನದಲ್ಲಿ ಆರ್ನಾಲ್ಡ್ ಡೋಲ್ಮೆಚ್ ಇಂಗ್ಲೆಂಡಿನಲ್ಲಿ ಲ್ಯೂಟ್, ರೆಕಾರ್ಡರ್ ಕೊಳಲುಗಳನ್ನು ಮತ್ತೆ ತಯಾರಿಸಿ, ಹಳೆಯ ಸಂಗೀತವನ್ನು ಅದರದೇ ವಾದ್ಯದಲ್ಲಿ ಕೇಳುವ ರೂಢಿ ಬೆಳೆಸಿದ. 1925ರಲ್ಲಿ ಹ್ಯಾಸಲ್‌ಮಿಯರ್‌ನಲ್ಲಿ ಉತ್ಸವವನ್ನೂ ಆರಂಭಿಸಿದ. ಸುಮಾರು 1613ರಲ್ಲಿ ರಾಬರ್ಟ್ ಆಪ್ ಹ್ಯೂ ನಕಲು ಮಾಡಿದ ವೆಲ್ಷ್ ಹಾರ್ಪ್ ಸಂಗೀತದ ಹಸ್ತಪ್ರತಿಯನ್ನು ಬಿಡಿಸಿ ಓದಲೂ ಯತ್ನಿಸಿದ. ಲೋಹತಂತಿಯ ಗೇಲಿಕ್ ಹಾರ್ಪ್‌ನ ಸರದಿ ಬಂದದ್ದು 1970ರ ದಶಕದ ನಂತರ. ಗುರುಪರಂಪರೆ ಕಡಿದುಹೋಗಿದ್ದರಿಂದ ಅಮೆರಿಕದ ಆನ್ ಹೇಮನ್ ಅವರಂಥವರು ವಾದ್ಯದ ಪ್ರತಿಕೃತಿಯನ್ನೇ ಗುರುವೆಂದು ಹಿಡಿದರು. ಬಂಟಿಂಗ್ 1840ರ ಸಂಪುಟದಲ್ಲಿ ವಾದಕರಿಂದ ಕೇಳಿ ಬರೆದಿಟ್ಟ ಬೆರಳುಗಾರಿಕೆ, ಶ್ರುತಿಗಳ ವಿವರಗಳು ಅವರಿಗೆ ದಾರಿ ತೋರಿದವು: ಹಾರ್ಪ್ ಎಡಭುಜಕ್ಕೆ ಒರಗಬೇಕು, ಎಡಗೈಗೆ ಮೇಲಿನ ಸ್ವರಗಳು, ಬಲಗೈಗೆ ಕೆಳಗಿನವು; ಶ್ರುತಿ ಕೂಡಿಸುವಾಗ ಮೊದಲು ‘ಅಕ್ಕತಂಗಿಯರು’ ಎಂಬ ಒಂದೇ ಸ್ವರದ ಎರಡು ತಂತಿ. ಈ ಹಾದಿಯ ವಾದಕರು ಇಂದು ಅಚ್ಚಾದ ಪಿಯಾನೊ ರೂಪಗಳನ್ನು ಬದಿಗಿಟ್ಟು, ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿರುವ ಬಂಟಿಂಗ್‌ನ ಕೈಬರಹದ ಟಿಪ್ಪಣಿಗಳಿಂದಲೇ ಧಾಟಿಗಳನ್ನು ಎತ್ತಿಕೊಳ್ಳುತ್ತಾರೆ.