ನೆರಳುಗಳಿಂದ ಒಳಗನ್ನು ಕಟ್ಟಿದ ಲೆಕ್ಕ: ಬೆಂಗಳೂರು, 1971

ಭಾಗ 1/6: ಕೋಟೆ

ಮಂಜರಾಬಾದ್ ಕೋಟೆಯ ಫೋಟೋ ನಮ್ಮ ಫೀಡಲ್ಲಿ ಆಗಾಗ ಬರ್ತಾನೇ ಇರುತ್ತೆ. ಹೆಚ್ಚಿನವು ಡ್ರೋನ್ ಫೋಟೋಗಳೇ. ಯಾಕಂದ್ರೆ ಟಿಪ್ಪು ಸುಲ್ತಾನ್ 1792ರ ಹೊತ್ತಿಗೆ ಕಟ್ಟಿಸಿದ ಈ ಎಂಟು ಮೂಲೆಯ ನಕ್ಷತ್ರ ಕಾಣೋದು ಮೇಲಿಂದ ಮಾತ್ರ. ಕೆಳಗೆ ರಸ್ತೆಯಲ್ಲಿ ನಿಂತು ನೋಡಿದ್ರೆ ಒಂದು ಗುಡ್ಡ, ಅದರ ಮೇಲೊಂದು ಗೋಡೆ, ಅಷ್ಟೇ.

ಈಗ ಪ್ರಶ್ನೆ. ಡ್ರೋನ್ ಇಲ್ಲ. ಸುತ್ತ ನಡೆದು, ಪಕ್ಕದಿಂದಷ್ಟೇ ನೋಡಿ ಆ ನಕ್ಷತ್ರದ ನಕ್ಷೆ ಬರೀಬಹುದಾ?

ಕಲ್ಲನ್ನು ತೂರಿ ಹೋಗುವ ಕಿರಣವೊಂದಿದ್ದರೆ ಬರೀಬಹುದು. ಪ್ರತಿ ದಿಕ್ಕಿನಿಂದ ಕಿರಣ ಬಿಟ್ಟು, ದಾರಿಯಲ್ಲಿ ಎಷ್ಟು ಕಲ್ಲು ಅಡ್ಡ ಬಂತು ಅಂತ ಗುರುತು ಹಾಕ್ಕೊಳ್ಳಿ. ಸಾಕಷ್ಟು ದಿಕ್ಕುಗಳ ಲೆಕ್ಕ ಸೇರಿದರೆ ನಕ್ಷೆ ಸಿಗುತ್ತೆ. ಸಿಟಿ ಸ್ಕ್ಯಾನ್ ಮಾಡೋದು ಇದನ್ನೇ. ಅಲ್ಲಿ ಕೋಟೆಯ ಬದಲು ನಮ್ಮ ತಲೆ, ಎದೆ, ಹೊಟ್ಟೆ.

ಭಾಗ 2/6: ಮಂಜು

ರಾಂಟ್ಜೆನ್ ಎಕ್ಸ್-ರೇ ಕಂಡುಹಿಡಿದದ್ದು 1895ರ ನವೆಂಬರ್‌ನಲ್ಲಿ. ಆದರೆ ಎಕ್ಸ್-ರೇ ಅಂದ್ರೆ ನೆರಳು. ಮುಂದಿನ ಪಕ್ಕೆಲುಬು, ಹಿಂದಿನ ಬೆನ್ನೆಲುಬು, ನಡುವಿನ ಹೃದಯ ಎಲ್ಲಾ ಒಂದರ ಮೇಲೊಂದು ಬಿದ್ದಿರುತ್ತೆ.

ಹಲವು ದಿಕ್ಕಿನ ನೆರಳುಗಳಿಂದ ಒಳಗಿನ ಆಕಾರವನ್ನು ಮರಳಿ ಪಡೆಯಬಹುದು ಅಂತ ಆಸ್ಟ್ರಿಯಾದ ಗಣಿತಜ್ಞ ಯೋಹಾನ್ ರಾಡಾನ್ 1917ರಲ್ಲೇ ತೋರಿಸಿದ್ದರು. ಕಾಗದದ ಮೇಲೆ ಸರಿ, ಮಾಡೋದು ಹೇಗೆ? ಸುಲಭದ ದಾರಿ ಅಂದ್ರೆ ಪ್ರತಿ ನೆರಳನ್ನೂ ಅದು ಬಂದ ದಿಕ್ಕಿಗೇ ವಾಪಸ್ ಎಳೆದು ಹರಡೋದು. ಎಲ್ಲಾ ಸೇರಿದ ಕಡೆ ವಸ್ತು ಮೂಡುತ್ತೆ. ಆದ್ರೆ ಅದರ ಸುತ್ತ ಮಸುಕೂ ಕೂರುತ್ತೆ. ಬೆಳಗ್ಗೆ ಆರಕ್ಕೆ ನಮ್ಮ ತೋಟದಲ್ಲಿ ಸಿಲ್ವರ್ ಮರ ಕಾಣುತ್ತಲ್ಲ, ಹಂಗೆ. ಮರ ಇದೆ ಅಂತ ಗೊತ್ತಾಗುತ್ತೆ, ಕೊಂಬೆ ಎಣಿಸೋಕೆ ಆಗಲ್ಲ.

ಭಾಗ 3/6: ಇಬ್ಬರು

ಈ ಮಂಜನ್ನು ಕಳೆಯುವ ಲೆಕ್ಕಕ್ಕೆ ಬೆಂಗಳೂರಿನ ನಂಟಿದೆ.

ಜಿ. ಎನ್. ರಾಮಚಂದ್ರನ್ ಹುಟ್ಟಿದ್ದು ಎರ್ನಾಕುಲಂನಲ್ಲಿ, 1922ರಲ್ಲಿ. ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಾವು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದೋಕೆ ಬಂದು, ಸಿ. ವಿ. ರಾಮನ್ ಅವರ ಕೈಕೆಳಗೆ ಭೌತಶಾಸ್ತ್ರಕ್ಕೆ ಹೊರಳಿದವರು. ಮುಂದೆ ಮದ್ರಾಸಿನಲ್ಲಿ ಕೊಲಾಜನ್ ಎಂಬ ಪ್ರೋಟೀನ್ ಮೂರೆಳೆಯ ಹುರಿ ಅಂತ ತೋರಿಸಿ ಹೆಸರಾದರು. ಬೆಂಗಳೂರಿಗೆ ಮರಳಿ ಅಣು ಜೀವಭೌತಶಾಸ್ತ್ರ ವಿಭಾಗ ಕಟ್ಟಿದರು.

1971ರಲ್ಲಿ ಅವರೂ ಎ. ವಿ. ಲಕ್ಷ್ಮೀನಾರಾಯಣನ್ ಅವರೂ ಸೇರಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಐದು ಪುಟದ ಒಂದು ಲೇಖನ ಪ್ರಕಟಿಸಿದರು. ಅದರ ತಿರುಳು ಇಷ್ಟು: ನೆರಳನ್ನು ಹರಡುವ ಮೊದಲೇ ತಿದ್ದಿ. ಪ್ರತಿ ಅಂಕಿಯಿಂದ ಅಕ್ಕಪಕ್ಕದ ಅಂಕಿಗಳ ಒಂದೊಂದು ಪಾಲು ಕಳೆಯಿರಿ. ಆಮೇಲೆ ಹರಡಿದರೆ ಮಸುಕು ತಾನಾಗೇ ಹೊಡೆದುಹೋಗುತ್ತೆ. ಬೇಕಾಗೋದು ಗುಣಾಕಾರ, ಕೂಡೋದು, ಕಳೆಯೋದು ಮಾತ್ರ. ಕಂಪ್ಯೂಟರ್ ಅಂದ್ರೆ ಒಂದು ಕೋಣೆ ತುಂಬುತ್ತಿದ್ದ ಕಾಲದಲ್ಲಿ ಇದು ಸಣ್ಣ ಉಳಿತಾಯ ಅಲ್ಲ.

ಭಾಗ 4/6: ಹೆಮ್ಮೆ ಎಷ್ಟು?

ಹಾಗಾದ್ರೆ ಸಿಟಿ ಸ್ಕ್ಯಾನ್ ಕಂಡುಹಿಡಿದದ್ದು ನಾವೇನಾ? ಅಲ್ಲ ಮಾರಾಯ್ರೇ. ಹಂಗೆ ಫಾರ್ವರ್ಡ್ ಮಾಡಬೇಡಿ.

ಮೊದಲ ಯಂತ್ರ ಇಂಗ್ಲೆಂಡಿನ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರದು. ಅವರ ಆರಂಭದ ಪ್ರಯೋಗದಲ್ಲಿ ಒಂದು ಚಿತ್ರಕ್ಕೆ ಒಂಬತ್ತು ದಿನ ಹಿಡಿದಿತ್ತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ತಲೆ ಸ್ಕ್ಯಾನ್ ಆಯಿತು. ಆಗ ಅವರು ಬಳಸಿದ್ದು ಬೇರೆ ಲೆಕ್ಕ. 1979ರ ನೊಬೆಲ್ ಅವರಿಗೂ ಅಲನ್ ಕಾರ್ಮ್ಯಾಕ್ ಅವರಿಗೂ ಹೋಯಿತು. ರಾಮಚಂದ್ರನ್ ಅವರ ಲೆಕ್ಕದಂಥದ್ದೇ ದಾರಿಯನ್ನು 1967ರಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ ಆಕಾಶದ ರೇಡಿಯೋ ಅಲೆಗಳಿಗಾಗಿ ಹುಡುಕಿದ್ದರು.

ಹಾಗಂತ ಬೆಂಗಳೂರಿನ ಪಾಲು ಚಿಕ್ಕದಲ್ಲ. ಮುಂದೆ ದಶಕಗಳ ಕಾಲ ಸ್ಕ್ಯಾನರ್‌ಗಳು ಈ ಬಗೆಯ ಲೆಕ್ಕದ ಮೇಲೇ ಓಡಿದವು. ಇವತ್ತಿಗೂ ಎಂಜಿನಿಯರಿಂಗ್ ಹುಡುಗ್ರು ಮ್ಯಾಟ್‌ಲ್ಯಾಬ್ ತೆರೆದು ಈ ಕೆಲಸ ಮಾಡಿಸಿದರೆ ಅದು ತಾನಾಗೇ ಹಾಕಿಕೊಳ್ಳೋ ಫಿಲ್ಟರ್ ಹೆಸರು 'ರ್‍ಯಾಮ್-ಲ್ಯಾಕ್'. ರಾಮಚಂದ್ರನ್, ಲಕ್ಷ್ಮೀನಾರಾಯಣನ್.

ಭಾಗ 5/6: ಇಡೀ ಅಂಗ

ಆಸ್ಪತ್ರೆಯ ಸ್ಕ್ಯಾನರ್‌ಗೆ ಸುಮಾರು ಅರ್ಧ ಮಿಲಿಮೀಟರಿಗಿಂತ ಸಣ್ಣದು ಸರಿಯಾಗಿ ಕಾಣಲ್ಲ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 844 ಮೀಟರ್ ಸುತ್ತಳತೆಯ ಸಿಂಕ್ರೋಟ್ರಾನ್ ಇದೆ. ಅಲ್ಲಿ ಎಲೆಕ್ಟ್ರಾನುಗಳನ್ನು ಸುತ್ತಿಸಿ ಅತಿ ಪ್ರಖರವಾದ ಎಕ್ಸ್-ರೇ ಪಡೀತಾರೆ. 2020ರಲ್ಲಿ ಅದು ನವೀಕರಣಗೊಂಡ ಮೇಲೆ, ಪಳೆಯುಳಿಕೆ ಸ್ಕ್ಯಾನ್ ಮಾಡುತ್ತಿದ್ದ ಪಾಲ್ ತಫೊರೋ, ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಪೀಟರ್ ಲೀ, ಕ್ಲೇರ್ ವಾಲ್ಷ್ ಮತ್ತು ಇತರರು ಇಡೀ ಮಾನವ ಅಂಗಗಳನ್ನೇ ಸ್ಕ್ಯಾನ್ ಮಾಡಿದರು. ಮಿದುಳು, ಹೃದಯ, ಮೂತ್ರಪಿಂಡ, ಕೋವಿಡ್‌ನಿಂದ ತೀರಿಕೊಂಡವರ ಶ್ವಾಸಕೋಶ. ಅಂಗವನ್ನು ಕತ್ತರಿಸದೆಯೇ ಮೊದಲು ಪೂರ್ತಿ ನೋಡಿ, ಆಮೇಲೆ ಬೇಕಾದ ಜಾಗದಲ್ಲಿ ಸುಮಾರು ಒಂದು ಮೈಕ್ರಾನ್‌ವರೆಗೆ, ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದವರೆಗೆ, ಹತ್ತಿರ ಹೋಗಬಹುದು.

ಇಷ್ಟು ಕಿರಣವನ್ನು ಬದುಕಿರುವವರ ಮೇಲೆ ಬಿಡೋಕಾಗಲ್ಲ. ಸತ್ತ ಮೇಲೆ ದೇಹ ಕೊಟ್ಟವರಿಂದಲೇ ಇದು ಸಾಧ್ಯ. ಅಲ್ಲೂ ನೆರಳುಗಳನ್ನು ತಿದ್ದಿ ಹರಡುವ ಅದೇ ಜಾತಿಯ ಲೆಕ್ಕ ಕೆಲಸ ಮಾಡುತ್ತೆ. ಚಿತ್ರಗಳು 'ಹ್ಯೂಮನ್ ಆರ್ಗನ್ ಅಟ್ಲಾಸ್' ಹೆಸರಿನಲ್ಲಿ ಉಚಿತ. ಹೋಗಿ ನೋಡಿ, ಫೋನಲ್ಲೇ.

ಭಾಗ 6/6: ನಮಗೇನು?

ನಮ್ಮ ಸಕಲೇಶಪುರ, ಆಲೂರು ಕಡೆ 'ಸ್ಕ್ಯಾನಿಂಗ್' ಅಂದ್ರೆ ಹಾಸನದ ಬಸ್ಸು, ಒಂದು ದಿನದ ಕೂಲಿ ಖೋತಾ, ಕೈಯಲ್ಲೊಂದು ದೊಡ್ಡ ಕವರ್. ಆ ಕವರಿನೊಳಗಿನ ಕಪ್ಪು ಹಾಳೆ ಹೇಗಾಯ್ತು ಅಂತ ಯಾರೂ ನಮಗೆ ಹೇಳಲ್ಲ. ಅದು ದೊಡ್ಡವರ, ದೂರದವರ ವಿಷಯ ಅಂತ ಬಿಟ್ಟುಬಿಡ್ತೀವಿ.

ಈಗ ವಿಶ್ವವಿದ್ಯಾಲಯಗಳು ಇಂಥ ಚಿತ್ರಗಳ ಕೆಲಸಕ್ಕೆ ಸಂಶೋಧಕರನ್ನು ಕರೆಯುವಾಗ ಬರೀ ಡಾಕ್ಟರನ್ನು ಕೇಳಲ್ಲ. ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ಬಲ್ಲವರೂ ಬೇಕು. ನಮ್ಮ ದೇಶದಲ್ಲೂ ಇಂದೋರ್‌ನ ಇಂಡಸ್-2 ಸಿಂಕ್ರೋಟ್ರಾನ್‌ನಲ್ಲಿ ಎಕ್ಸ್-ರೇ ಚಿತ್ರಣಕ್ಕೇ ಒಂದು ಕಿರಣಮಾರ್ಗ ಇದೆ.

ಪಿಯುಸಿಯಲ್ಲಿ 'ಇಂಟಿಗ್ರೇಷನ್ ಕಲ್ತು ಏನು ಪ್ರಯೋಜನ' ಅಂತ ಕೇಳೋರಿಗೆ ಇದನ್ನ ಕಳಿಸಿ. ಕಿರಣದ ದಾರಿಯಲ್ಲಿ ಅಡ್ಡ ಬಂದದ್ದನ್ನೆಲ್ಲ ಕೂಡಿಸೋದೇ ಇಂಟಿಗ್ರೇಷನ್. ಅದನ್ನು ಬಿಡಿಸಿದ್ದು 1971ರ ಆ ಐದು ಪುಟ.

ಡೌಟ್ ಇದ್ರೆ ಕಾಮೆಂಟಲ್ಲಿ ಕೇಳಿ.

#ಸಕಲೇಶಪುರ #ಆಲೂರು #ವಿಜ್ಞಾನದಇತಿಹಾಸ #ಕನ್ನಡದಲ್ಲಿವಿಜ್ಞಾನ