ಒಂದೇ ಫೋನಿನ ತರಗತಿ: ರಾಯಚೂರು, ದೇವದುರ್ಗ, ಮಾನ್ವಿ ಶಾಲೆಗಳಿಗೆ ಕ್ಯೂಆರ್ ಕೋಡ್ ಹೇಗೆ ಒದಗೀತು?

ಸರ್ಕಾರಿ ಶಾಲೆಯ ಪಠ್ಯಪುಸ್ತಕದಲ್ಲಿ ಪಾಠದ ಜೊತೆ ಅಚ್ಚಾಗಿರುವ ಕಪ್ಪು-ಬಿಳಿ ಚೌಕವನ್ನು ರಾಯಚೂರಿನ ಮಕ್ಕಳು ಚಹಾದಂಗಡಿಯ ಗೋಡೆಯ ಮೇಲೂ ಕಂಡಿದ್ದಾರೆ. ಅಲ್ಲಿ ಅದರ ಹೆಸರು 'ಸ್ಕ್ಯಾನರ್'. ಫೋನ್ ಹಿಡಿದರೆ ದುಡ್ಡು ಹೋಗುತ್ತದೆ. ಪುಸ್ತಕದಲ್ಲಿರುವ ಕೋಡಿಗೆ ಫೋನ್ ಹಿಡಿದರೆ ದೀಕ್ಷಾ ಎಂಬ ಸರ್ಕಾರಿ ಆನ್‌ಲೈನ್ ಕಲಿಕಾ ವೇದಿಕೆಯ ಪಾಠ ತೆರೆಯಬೇಕು. ಮೊದಲನೆಯದು ದಿನಕ್ಕೆ ನೂರು ಸಲ ಬಳಕೆಯಾಗುತ್ತದೆ, ಎರಡನೆಯದನ್ನು ಒಮ್ಮೆಯೂ ತೆರೆಯದೆ ವರ್ಷ ಮುಗಿಯುವುದುಂಟು. ಇದಕ್ಕೆ ಶಿಕ್ಷಕರ ಉದಾಸೀನ ಕಾರಣವೆಂದು ಹೇಳಿ ಮುಗಿಸುವುದು ಸುಲಭ. ಕೋಡನ್ನು ಯಾರ ಕೈಯಲ್ಲಿ ಫೋನಿದೆ ಎಂದುಕೊಂಡು ಅಚ್ಚು ಹಾಕಲಾಗಿದೆ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ.

ದೀಕ್ಷಾ ಉದ್ಘಾಟನೆಯಾದದ್ದು 2017ರ ಸೆಪ್ಟೆಂಬರ್ 5ರಂದು. ಅದರ ತಳಹದಿಯಾದ 'ಸನ್‌ಬರ್ಡ್' ಎಂಬ ಮುಕ್ತ ತಂತ್ರಾಂಶವನ್ನು ಕಟ್ಟಿದ್ದು ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನ. ಪುಸ್ತಕದ ಕೋಡಿನಲ್ಲಿ ಪಾಠವಾಗಲಿ ವಿಡಿಯೊ ಆಗಲಿ ಇರುವುದಿಲ್ಲ, ಒಂದು ಜಾಲತಾಣದ ವಿಳಾಸವಷ್ಟೇ ಇರುತ್ತದೆ. ಚೌಕದ ಕೆಳಗೆ ಅಚ್ಚಾಗಿರುವ ಆರು ಅಕ್ಷರ-ಅಂಕಿಗಳ ಸಂಕೇತ ಆ ವಿಳಾಸದ ಕೊನೆಯ ಭಾಗ. ಕ್ಯಾಮೆರಾ ಕೆಟ್ಟ ಫೋನಿನಲ್ಲೂ ಅದನ್ನು ಟೈಪ್ ಮಾಡಿ ಪಾಠ ತೆರೆಯಬಹುದು ಎಂಬುದು ಅನೇಕರ ಗಮನಕ್ಕೇ ಬಂದಿಲ್ಲ.

ಪಠ್ಯಕ್ಕೆ ಕೋಡ್ ಅಂಟಿಸಿದ ಪ್ರಯೋಗ ಹೆಸರಾದದ್ದು ನಮ್ಮ ಗಡಿಯಾಚೆಯ ಸೊಲ್ಲಾಪುರ ಜಿಲ್ಲೆಯಲ್ಲಿ. ಮಾಢಾ ತಾಲ್ಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕ ರಣಜಿತಸಿಂಹ ಡಿಸಲೆ ಅವರಿಗೆ 2020ರ ಡಿಸೆಂಬರಿನಲ್ಲಿ ಹತ್ತು ಲಕ್ಷ ಡಾಲರುಗಳ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು. ಅದರಲ್ಲಿ ಅರ್ಧವನ್ನು ಅವರು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು. ಪ್ರಶಸ್ತಿ ಕೊಟ್ಟ ವಾರ್ಕಿ ಪ್ರತಿಷ್ಠಾನದ ವಿವರಣೆಯಂತೆ, ಮಕ್ಕಳ ಮನೆಮಾತು ಕನ್ನಡವಾಗಿದ್ದರಿಂದ ಅವರು ಪಠ್ಯವನ್ನು ಕನ್ನಡಕ್ಕೆ ತಂದು, ಕೋಡುಗಳ ಮೂಲಕ ಪದ್ಯ, ಕಥೆ, ಪಾಠಗಳನ್ನು ಕೇಳಿಸಿದರು. ಸೊಲ್ಲಾಪುರದಲ್ಲಿ ಕನ್ನಡ ದಟ್ಟವಾಗಿರುವುದು ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳ ಕಡೆ. ಮಾಢಾ ಅಲ್ಲಿಂದ ದೂರ. ಆದ್ದರಿಂದ ಭಾಷೆಯ ಕುರಿತ ಈ ವಿವರವನ್ನು ಸದ್ಯಕ್ಕೆ ಪ್ರತಿಷ್ಠಾನದ ಮಾತೆಂದೇ ಓದುವುದು ಒಳ್ಳೆಯದು. ಅದೇನೇ ಇದ್ದರೂ ಆ ಪ್ರಯೋಗದ ತಿರುಳು ನಮಗೆ ಮುಖ್ಯ: ಮೊದಲು ಮಗುವಿಗೆ ಏನು ಕೇಳಿಸಬೇಕೆಂದು ಶಿಕ್ಷಕ ನಿರ್ಧರಿಸುತ್ತಾನೆ, ಕೋಡ್ ಆಮೇಲೆ ಬರುತ್ತದೆ.

ಈಗ ನಮ್ಮ ಜಿಲ್ಲೆಗೆ ಬರೋಣ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 60ನ್ನೂ ಮುಟ್ಟಿರಲಿಲ್ಲ, ಓದುಬರಹ ಬಲ್ಲ ಹೆಣ್ಣುಮಕ್ಕಳ ಪ್ರಮಾಣ ಅರ್ಧಕ್ಕಿಂತ ಕಡಿಮೆ ಇತ್ತು. ಪ್ರಾದೇಶಿಕ ಅಸಮತೋಲನ ಕುರಿತ ಡಿ.ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ ತಾಲ್ಲೂಕುಗಳಲ್ಲಿ ದೇವದುರ್ಗವೂ ಇತ್ತು. ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿ ರಾಜ್ಯದಿಂದ ಸೇರಿದ್ದು ರಾಯಚೂರು ಮತ್ತು ಯಾದಗಿರಿ. ದೇವದುರ್ಗದ ಹಳ್ಳಿಗಳಿಂದ ಜನ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮನೆಯಲ್ಲಿ ಇರುವ ಒಂದು ಫೋನು ಅಪ್ಪನ ಜೊತೆ ಹೋಗುತ್ತದೆ, ಮಗು ಅಜ್ಜಿಯ ಹತ್ತಿರ ಉಳಿಯುತ್ತದೆ. ಮಾನ್ವಿಯ ಕಾಲುವೆ ಸೀಮೆಯಲ್ಲಿ ಭತ್ತ ಬೆಳೆದು ಕೈಯಲ್ಲಿ ನಾಲ್ಕು ಕಾಸು ಇರುವ ಮನೆಗಳಲ್ಲೂ ಫೋನು ಮಗುವಿನ ಕೈಗೆ ಸಿಗುವುದು ರಾತ್ರಿಗೆ, ಅದೂ ಚಾರ್ಜು ಮತ್ತು ಡೇಟಾ ಉಳಿದಿದ್ದರೆ. ರಾಯಚೂರು ನಗರದ ಸ್ಥಿತಿ ಬೇರೆ. ಅಲ್ಲಿ ಫೋನುಗಳಿಗೆ ಅಷ್ಟು ಬರವಿಲ್ಲ, ಆದರೆ ಕನ್ನಡ, ಉರ್ದು, ತೆಲುಗು ಮನೆಮಾತಿನ ಮಕ್ಕಳು ಒಂದೇ ಬೀದಿಯವರು. ಹೀಗಿರುವಾಗ 'ಮನೆಗೆ ಹೋಗಿ ಸ್ಕ್ಯಾನ್ ಮಾಡಿ ನೋಡಿಕೊಂಡು ಬನ್ನಿ' ಎಂಬ ಮನೆಗೆಲಸ ಇದ್ದವರನ್ನೂ ಇಲ್ಲದವರನ್ನೂ ತರಗತಿಯ ನಡುವೆಯೇ ಬೇರೆ ಮಾಡಿ ಕೂಡಿಸುತ್ತದೆ. ಈ ತಾಲ್ಲೂಕುಗಳಲ್ಲಿ ಅದನ್ನು ಕೊಡಲೇಬಾರದು ಎಂಬುದು ನನ್ನ ಅಭಿಪ್ರಾಯ.

ಕೋಡು ನಿಜವಾಗಿ ಕೆಲಸ ಮಾಡುವ ಜಾಗ ಶಿಕ್ಷಕರ ಮೇಜು. ದೀಕ್ಷಾದ ಪಾಠಗಳನ್ನು ಇಳಿಸಿಟ್ಟುಕೊಂಡು ನೆಟ್ ಇಲ್ಲದೆಯೂ ನಡೆಸಬಹುದು. ಹಿಂದಿನ ದಿನ ಸಿಗ್ನಲ್ ಸಿಗುವ ಜಾಗದಲ್ಲಿ ನಾಲ್ಕು ಪಾಠ ಇಳಿಸಿಕೊಂಡು, ಒಂದು ಸಣ್ಣ ಸ್ಪೀಕರ್ ಹಚ್ಚಿದರೆ ಮೂವತ್ತು ಮಕ್ಕಳಿಗೆ ಒಂದು ಫೋನು ಸಾಕು. ಇಲ್ಲಿ ವಿಡಿಯೊಗಿಂತ ಧ್ವನಿಯೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಐದಿಂಚಿನ ಪರದೆ ಹಿಂದಿನ ಸಾಲಿಗೆ ಕಾಣುವುದಿಲ್ಲ.

ನೆಟ್ ಬೇಡದ ಇನ್ನೊಂದು ದಾರಿಯಿದೆ, ಅದರ ಬಗ್ಗೆ ಕನ್ನಡದಲ್ಲಿ ಚರ್ಚೆ ಕಡಿಮೆ. ವಿಳಾಸದ ಬದಲು ಪಠ್ಯವನ್ನೇ ಕೋಡಿನೊಳಗೆ ತುಂಬಬಹುದು. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯ ಮಸಾಹಿರೊ ಹಾರಾ ಮತ್ತು ಸಂಗಡಿಗರು ವಾಹನದ ಬಿಡಿಭಾಗಗಳ ಲೆಕ್ಕಕ್ಕೆಂದು ಕ್ಯೂಆರ್ ಕೋಡನ್ನು ರೂಪಿಸಿದಾಗ ಅಂಕಿಗಳಿಗೆ, ಇಂಗ್ಲಿಷ್ ದೊಡ್ಡಕ್ಷರಗಳಿಗೆ, ಜಪಾನಿನ ಕಾಂಜಿ ಲಿಪಿಗೆ ಜಾಗ ಉಳಿಸುವ ಪ್ರತ್ಯೇಕ ವಿಧಾನಗಳನ್ನು ಕೊಟ್ಟರು. ಕನ್ನಡಕ್ಕೆ ಆ ಅನುಕೂಲ ಇಲ್ಲ. ಯುನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು, ಗುಣಿತದ ಚಿಹ್ನೆ, ಒತ್ತಕ್ಷರ ಮಾಡುವ ಹಲಂತ ಚಿಹ್ನೆಗಳೂ ಬೇರೆ ಬೇರೆ ಎಣಿಕೆಯಾಗುತ್ತವೆ. 'ರಾಯಚೂರು' ಎಂದರೆ ರ, ದೀರ್ಘ, ಯ, ಚ, ಊಕಾರ, ರ, ಉಕಾರ: ಏಳು ಚಿಹ್ನೆ, 21 ಬೈಟ್. ಇಂಗ್ಲಿಷಿನಲ್ಲಿ ಅದೇ ಹೆಸರು ಏಳೇ ಬೈಟಿನಲ್ಲಿ ಮುಗಿಯುತ್ತದೆ. 'ದೇವದುರ್ಗ' 24, 'ಮಾನ್ವಿ' 18. ಅತಿ ದೊಡ್ಡ ಕೋಡಿನಲ್ಲಿ, ಅಂದರೆ ಉದ್ದಗಲ 177 ಮನೆಗಳ (ಕಪ್ಪು-ಬಿಳಿ ಚುಕ್ಕೆಗಳ) ಚೌಕದಲ್ಲಿ, ಹೆಚ್ಚೆಂದರೆ 2,953 ಬೈಟ್ ಹಿಡಿಸುತ್ತವೆ. ಕನ್ನಡದ ಲೆಕ್ಕದಲ್ಲಿ 984 ಚಿಹ್ನೆ. ಅಷ್ಟು ಒತ್ತಾದ ಕೋಡನ್ನು ಅಗ್ಗದ ಫೋನು ಓದಲು ತಿಣುಕುತ್ತದೆ. 57 ಮನೆಗಳ, ಮಧ್ಯಮ ದೋಷ ತಿದ್ದುವಿಕೆಯ ಕೋಡು 213 ಬೈಟ್ ಹಿಡಿಯುತ್ತದೆ, ಅಂದರೆ ಸುಮಾರು 70 ಚಿಹ್ನೆ. ಒಂದು ಒಗಟಿಗೆ, ಒಂದು ಲೆಕ್ಕದ ಪ್ರಶ್ನೆಗೆ, ಗಿಡದ ಹೆಸರು ಮತ್ತು ಒಂದು ಸಾಲಿನ ವಿವರಕ್ಕೆ ಇಷ್ಟು ಧಾರಾಳ. ಶಾಲೆಯ ಅಂಗಳದ ಬೇವು, ಹುಣಸೆ, ಜಾಲಿಗಳಿಗೆ ಇಂಥ ಚೀಟಿ ಕಟ್ಟಿದರೆ ನೆಟ್ಟಿನ ಹಂಗಿಲ್ಲ.

ಚೀಟಿ ಹರಿದರೆ, ಮಸಿ ಬಿದ್ದರೆ? ಕೋಡಿನಲ್ಲಿ ದೋಷ ತಿದ್ದುವ ನಾಲ್ಕು ಮಟ್ಟಗಳಿವೆ: ಸುಮಾರು ಶೇ. 7, 15, 25, 30. ಅಂಗಳದಲ್ಲಿ ಬಿಸಿಲು ಧೂಳಿಗೆ ಬೀಳುವುದಕ್ಕೆ ಮೇಲಿನ ಮಟ್ಟವೇ ಬೇಕು, ಆದರೆ ಮಟ್ಟ ಏರಿದಷ್ಟೂ ಪಠ್ಯಕ್ಕೆ ಜಾಗ ಇಳಿಯುತ್ತದೆ. ಚೌಕದ ಸುತ್ತ ನಾಲ್ಕು ಮನೆಯಷ್ಟು ಬಿಳಿ ಅಂಚು ಬಿಡಬೇಕು. ಅಂದ ಕಾಣಲೆಂದು ಅಲ್ಲಿ ಬಳ್ಳಿ ಬರೆದರೆ ಕೋಡು ಓದಿಸಿಕೊಳ್ಳದು. ಗೋಡೆಯ ಮೇಲಾದರೆ ನೋಡುವ ದೂರದ ಹತ್ತನೇ ಒಂದರಷ್ಟು ಅಗಲವಿರಲಿ. ಪುಕ್ಕಟೆ ತಾಣಗಳಲ್ಲಿ 'ಡೈನಾಮಿಕ್' ಕೋಡ್ ಮಾಡಿಸಿ ಗೋಡೆಗೆ ಬಣ್ಣ ಬಳಿಸುವುದಂತೂ ಬೇಡ. ಅದು ಆ ಕಂಪನಿಯ ವಿಳಾಸದ ಮೂಲಕ ಸುತ್ತಿಹೋಗುತ್ತದೆ, ಉಚಿತ ಅವಧಿ ಮುಗಿದ ದಿನ ಗೋಡೆಯ ಕೋಡು ಸತ್ತಂತೆಯೇ. ವಿಳಾಸ ಅಥವಾ ಪಠ್ಯ ನೇರವಾಗಿ ಕೋಡಿನಲ್ಲೇ ಇರುವ 'ಸ್ಟ್ಯಾಟಿಕ್' ಕೋಡಿಗೆ ಈ ಭಯವಿಲ್ಲ.

ಮಕ್ಕಳು ಏನು ಕಲಿತರೆಂದು ನೋಡಲು ಕ್ಯೂಆರ್‌ನ ದಾಯಾದಿಯೊಂದಿದೆ: ಪ್ಲಿಕರ್ಸ್ ಎಂಬ ಆ್ಯಪ್. ಪ್ರತಿ ಮಗುವಿಗೂ ಒಂದೊಂದು ಚಿತ್ರಸಂಕೇತದ ರಟ್ಟು. ನಾಲ್ಕು ಬದಿ, ನಾಲ್ಕು ಉತ್ತರ. ತನ್ನ ಉತ್ತರದ ಬದಿ ಮೇಲೆ ಬರುವಂತೆ ಮಗು ರಟ್ಟು ಎತ್ತಿ ಹಿಡಿಯುತ್ತದೆ, ಶಿಕ್ಷಕಿ ಫೋನನ್ನು ಒಮ್ಮೆ ತರಗತಿಯ ಮೇಲೆ ಹಾಯಿಸಿದರೆ ಯಾರ ಉತ್ತರ ಯಾವುದೆಂದು ದಾಖಲಾಗುತ್ತದೆ. ಪ್ರತಿ ರಟ್ಟಿನ ಸಂಕೇತವೂ ಬೇರೆಯಾದ್ದರಿಂದ ಪಕ್ಕದವನ ಉತ್ತರ ಕದಿಯುವುದು ಕಷ್ಟ, ಬಾಯಿ ಬಿಡಲು ನಾಚುವ ಹುಡುಗಿಯ ಉತ್ತರವೂ ಲೆಕ್ಕಕ್ಕೆ ಸಿಗುತ್ತದೆ. ಇಲ್ಲಿಯೂ ಫೋನು ಒಂದೇ.

ಇನ್ನು ಕೋಡಿನ ಮೂಲಕ ಕೇಳಿಸಬಹುದಾದ ಸಾಮಗ್ರಿ ನಮ್ಮ ಊರುಗಳಲ್ಲೇ ಇದೆ. ಮಾನ್ವಿ ಹರಿದಾಸ ಜಗನ್ನಾಥದಾಸರ ಊರು, ವಿಜಯದಾಸರ ಚೀಕಲಪರ್ವಿ ಅದೇ ತಾಲ್ಲೂಕಿನಲ್ಲಿದೆ, ಗೋಪಾಲದಾಸರ ಮೊಸರಕಲ್ಲು ದೇವದುರ್ಗಕ್ಕೆ ಸೇರಿದ್ದು. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ಹಾಸುಗಲ್ಲಿದೆ. ಇವುಗಳ ಬಗ್ಗೆ ಊರಿನ ಹಿರಿಯರು ತಮ್ಮ ಮಾತಿನಲ್ಲೇ ಹೇಳುವ ಎರಡು ನಿಮಿಷದ ಧ್ವನಿಮುದ್ರಣಗಳನ್ನು ಶಿಕ್ಷಕರೇ ಮಾಡಬಲ್ಲರು. ಜಿಲ್ಲೆಯ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಅವನ್ನು ಸಂಗ್ರಹಿಸಿ, ತಪ್ಪಿದ್ದರೆ ತಿದ್ದಿಸಿ, ದೀಕ್ಷಾಕ್ಕೆ ಏರಿಸಿ, ಪ್ರತಿ ಕ್ಲಸ್ಟರಿಗೆ ಒಂದು ಮೆಮೊರಿ ಕಾರ್ಡಿನಲ್ಲಿ ತುಂಬಿಕೊಡಲಿ. ಹೊಸ ಟ್ಯಾಬ್‌ಗಳ ಖರೀದಿಗೆ ಕಾಯದೆ ಈ ವರ್ಷವೇ ಶುರು ಮಾಡಬಹುದಾದ ಕೆಲಸ ಇದು.